ಕೂತು ಕೂತು ಬೆಟ್ಟ ಹತ್ತಿದ ಚಿಗುರಿ

ನೇಗಿಲು ಹುಟ್ಟಿರದ, ಮಡಕೆ ಕಂಡಿರದ ಕಾಲದಲ್ಲಿ ಬಿಳಿನೆತ್ತಿ ಎಂಬ ಬೆಟ್ಟರಾಜ್ಯವಿತ್ತು. ರಾಜ ಇರಲಿಲ್ಲ, ಮಾಂತ್ರಿಕನಿದ್ದ. ಸಾಲದೇ ತಲೆನೋವಿಗೆ? ಅವನ ಹೆಸರು ಉಸಿರುಗಳ್ಳ. ಆ ಬೆಟ್ಟದಲ್ಲಿ ಯಾರೇ ಓಡಲಿ, ಅವರ ಉಸಿರು ಹಾರಿ ತನ್ನ ತೊಗಲಚೀಲ ಸೇರುವ ಹಾಗೆ ಮಂತ್ರ ಹಾಕಿದ್ದ.

ಬೇಟೆಗಾರರಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು! ಆದರೂ ಚಿಗುರಿಯ ಗಂಡ ದುಂಬ ಕಾಡುಮೇಕೆಯ ಹಿಂದೆ ಓಡಿದ. ಈಗ ಬೆಟ್ಟದ ಬುಡದ ಗವಿಯಲ್ಲಿ ತುಟಿ ನೀಲಿಯಾಗಿ ಬಿದ್ದಿದ್ದ. ನಾಲ್ಕು ದಿನದೊಳಗೆ ಉಸಿರು ಮರಳದಿದ್ದರೆ ಅವನು ಉಳಿಯುತ್ತಿರಲಿಲ್ಲ.

"ಎಷ್ಟು ಸಲ ಹೇಳಿದ್ದೆ! ಕಿವಿಗೆ ಹಾಕ್ಕೊಂಡ್ರೆ ತಾನೇ?" ಎಂದು ಬೈಯುತ್ತಲೇ ಚಿಗುರಿ ಮೂಳೆಸೂಜಿ, ಚರ್ಮ, ಕಲ್ಲಿನ ಅಲಗು, ಕೊಂಬಿನೊಳಗೆ ಕೆಂಡ ಕಟ್ಟಿಕೊಂಡು ಮಾಂತ್ರಿಕನಿದ್ದ ತುದಿಯತ್ತ ಹೊರಟಳು. ಮೈದುನ ಕೋಲ ಜೊತೆಯಾದ.

ಮೊದಲ ದಿನ ಸ್ವಲ್ಪ ಹತ್ತಿ ಕೂತಳು. "ಮೇಕೆ ನೋಡು, ನಾಲ್ಕು ಹೆಜ್ಜೆ ಹತ್ತಿ ನಿಂತು ಮೆಲುಕು ಹಾಕುತ್ತೆ, ಅದಕ್ಕೇ ಉಸಿರು ಉಳಿಸ್ಕೊಳ್ಳುತ್ತೆ. ನಾವೂ ದಿನಕ್ಕೆ ಇಷ್ಟೇ," ಎಂದು ಚರ್ಮ ಹೊಲಿಯತೊಡಗಿದಳು.

ಮಾಂತ್ರಿಕ ಹೊಳೆಯುವ ಕೊಂಬಿನ ಮೇಕೆಯೊಂದನ್ನು ಬಿಟ್ಟ. "ಹಿಡಿ ನೋಡೋಣ!" ಎಂದಿತು ಅದು.

"ಅತ್ತಿಗೆ, ಒಂದೇ ಓಟ!" ಕೋಲ ಓಡಿಯೇಬಿಟ್ಟ. ಹತ್ತು ಹೆಜ್ಜೆಗೆ ದೊಪ್ಪನೆ ಬಿದ್ದ.

"ಅಯ್ಯೋ ನಿನ್ನ! ಒಬ್ಬನ ಉಸಿರು ತರೋಕೆ ಬಂದ್ರೆ ಈಗ ಇಬ್ಬರದು!" ಹೊಲಿದಷ್ಟು ಚರ್ಮವನ್ನು ಅವನಿಗೆ ಹೊದಿಸಿ, ಉಳಿದದ್ದನ್ನು ಹೊತ್ತು ಚಿಗುರಿ ಮರುದಿನ ಒಬ್ಬಳೇ ಮುಂದೆ ನಡೆದಳು.

ಎರಡನೇ ದಿನ ಮಾಯಾಕರಡಿ ಬಂತು. ಹೆದರಿ ಓಡಲಿ ಎಂದು ಅಬ್ಬರಿಸಿತು. ಅವಳು ಕೂತಲ್ಲೇ ಕೆಂಡಕ್ಕೆ ಹಸಿ ಸೊಪ್ಪು ಹಾಕಿ ಹೊಗೆ ಎಬ್ಬಿಸಿದಳು. ಕರಡಿ ಕೆಮ್ಮುತ್ತಾ ಹೋಯಿತು.

ಮೂರನೇ ದಿನ ಗಂಡನದೇ ದನಿ ಕೇಳಿಸಿತು. "ಚಿಗುರೀ, ಸಾಯ್ತಿದ್ದೀನಿ, ಬೇಗ ಬಾರೇ!"

ಅವಳು ಹೊಲಿಗೆ ಬಿಟ್ಟಳು. ಎದ್ದಳು. ಅಳುತ್ತಾ ಮತ್ತೆ ಕೂತಳು. "ಸುಳ್ಳು! ನನ್ನ ಗಂಡ ಯಾವತ್ತು ನನ್ನನ್ನ ಕರೆದಿದ್ದಾನೆ? ತಾನೊಬ್ಬನೇ ಮುಂದೆ ಓಡ್ತಾನೆ," ಎಂದು ಸೂಜಿಗೆ ಮತ್ತೆ ನಾರು ಪೋಣಿಸಿದಳು.

ಉಸಿರುಗಳ್ಳನಿಗೆ ರೇಗಿಹೋಯಿತು. "ಏಳೇ! ಓಡೇ! ಇನ್ನೂ ಎಷ್ಟು ಹೊತ್ತು ಕೂರ್ತೀಯೇ?" ಎಂದು ಕಿರುಚುತ್ತಾ ಚೀಲದ ಸಮೇತ ತುದಿಯಿಂದ ಓಡಿ ಬಂದ. ಓಡಿ ಬಂದ, ಪುಣ್ಯಾತ್ಮ! ಅವನ ಉಸಿರೂ ಹಾರಿ ಚೀಲ ಸೇರಿತು. ಕದ್ದ ಉಸಿರಲ್ಲೇ ಬದುಕಿದ್ದ ಅವನು ಮಂಜಾಗಿ ಕರಗಿಹೋದ. ಚಿಗುರಿ ಕಲ್ಲಿನ ಅಲಗಿನಿಂದ ಚೀಲ ಸೀಳಿದಳು. ಉಸಿರುಗಳೆಲ್ಲ ತಮ್ಮ ತಮ್ಮವರನ್ನು ಹುಡುಕಿಕೊಂಡು ಹೋದವು.

ದಾರಿಯಲ್ಲಿ ಎದ್ದು ಕೂತಿದ್ದ ಕೋಲನನ್ನು ಕರೆದುಕೊಂಡು ಅವಳು ಇಳಿದಳು. ಕೆಳಗೆ ದುಂಬ ಈಟಿ ಹಿಡಿದು ನಿಂತಿದ್ದ.

"ಮತ್ತೆ ಓಡ್ತೀಯಾ?"

"ಇಲ್ಲ. ನೀನು ಮುಂದೆ ನಡಿ, ನಾನು ಹಿಂದೆ ಬರ್ತೀನಿ."

"ಇಷ್ಟು ಹೇಳೋಕೆ ನೀನು ಸತ್ತು ಹುಟ್ಟಬೇಕಿತ್ತಾ?" ಎಂದು ಬೈದು ಚಿಗುರಿ ಕಣ್ಣೊರೆಸಿಕೊಂಡಳು.

ಅಂದಿನಿಂದ ಆ ಜನ ಪ್ರತಿ ಬೇಸಿಗೆಗೂ ಬೇಟೆಗೆಂದು ಕೂತು ಕೂತು ಬೆಟ್ಟ ಹತ್ತಿದರು, ಹಿಮಕ್ಕೆ ಮುಂಚೆ ಇಳಿದರು, ಹೊಟ್ಟೆ ತುಂಬ ಉಂಡು ಸುಖವಾಗಿದ್ದರು. ಕೋಲ ಮಾತ್ರ "ಇನ್ನೂ ಎಷ್ಟು ಹೊತ್ತು ಅತ್ತಿಗೆ?" ಎಂದು ಕೇಳುವುದನ್ನು ಕೊನೆಗೂ ಬಿಡಲಿಲ್ಲ.