ಒಂದೂವರೆ ಅಡಿ ಸಮುದ್ರ

ಸೀಲಿಂಗಿನಿಂದ ಬಿದ್ದ ಹನಿಯನ್ನು ನಾಲಿಗೆಗೆ ಹಚ್ಚಿ ನೋಡುವ ಹುಚ್ಚಿ ಯಾರಾದರೂ ಇದ್ದರೆ ಅದು ನಾನೇ. ಏನು ಮಾಡಲಿ? ಗಿರಾಕಿಯೊಬ್ಬರ ಕೆನೆಬಣ್ಣದ ರೇಷ್ಮೆ ಗೌನಿನ ಮೇಲೆ, ಎದೆಯ ನಟ್ಟನಡುವೆ, ಹನಿ ಒಣಗಿದ ಜಾಗದಲ್ಲಿ ಬೆಳ್ಳಗೆ ಕಲೆ ಎದ್ದಿತ್ತು. ಎಲ್ಲಿಯ ನೀರು ಅಂತ ಗೊತ್ತಾಗಬೇಕಲ್ಲ. ಮತ್ತೊಂದು ಹನಿ ಬೆರಳ ಮೇಲೆ ಬಿತ್ತು, ನೆಕ್ಕಿದೆ. ಉಪ್ಪು!

ಕೈಯಲ್ಲಿದ್ದ ಕತ್ತರಿಯನ್ನೂ ಇಳಿಸದೆ ಮೆಟ್ಟಿಲು ಹತ್ತಿದೆ. ನನ್ನ ಟೈಲರಿಂಗ್ ಅಂಗಡಿಯ ಮೇಲಿನ ಮನೆಯಲ್ಲಿದ್ದವರು ಕೃತಕ ಹಲ್ಲು ಮಾಡುವವರು. ಡಾಕ್ಟರುಗಳು ಬಾಯಿಯ ಅಚ್ಚು ಕಳಿಸಿದರೆ ಇವರು ಲ್ಯಾಬಿನಲ್ಲಿ ಕೂತು ಒಂದೊಂದೇ ಹಲ್ಲು ತಿದ್ದುತ್ತಾರೆ. ಬೀದಿಗೆಲ್ಲ ಅವರು 'ಹಲ್ಲಿನವರು'. ಯಾರ ಮನೆಗೂ ಹೋಗುವವರಲ್ಲ, ಯಾರನ್ನೂ ಕರೆಯುವವರಲ್ಲ.

ಬಾಗಿಲು ತೆರೆದಾಗ ಮೊಣಕೈವರೆಗೆ ಒದ್ದೆಯಾಗಿದ್ದರು.

"ರೀ, ಮನೇಲೇನು ಉಪ್ಪು ಬೆಳೀತೀರಾ? ಕೆಳಗೆ ನನ್ನ ಗೌನು..."

ಅಷ್ಟರಲ್ಲಿ ಅವರ ಭುಜದ ಹಿಂದೆ ಅದು ಕಾಣಿಸಿತು. ಜಗಳ ಅರ್ಧಕ್ಕೇ ನಿಂತಿತು.

ಕಿಟಕಿಯ ಪಕ್ಕದ ಮೇಜಿನ ಮೇಲೆ ನನ್ನ ಹೊಲಿಗೆ ಯಂತ್ರದಷ್ಟು ಉದ್ದದ ಗಾಜಿನ ತೊಟ್ಟಿ. ಮೇಲಿನಿಂದ ನೀಲಿ ಬೆಳಕು. ಒಳಗೆ ಒಂದು ಪುಟ್ಟ ಬೆಟ್ಟ, ಬೆಟ್ಟದ ತುಂಬ ಅಂಗಿಯ ಗುಂಡಿಯಷ್ಟಗಲದ ಹೂಗಳು. ಹಸಿರು ಅಂಚು, ಕಿತ್ತಳೆ ನಡು, ಸುತ್ತ ರೆಪ್ಪೆಯಂಥ ಎಳೆಗಳು. ತುದಿಯಲ್ಲಿ ಚಿನ್ನದ ಬೆರಳುಗಳ ಗೊಂಚಲೊಂದು ನೀರಿನ ಜೊತೆ ಓಲಾಡುತ್ತಿತ್ತು. ಹನ್ನೆರಡು ವರ್ಷ ಬಣ್ಣದ ದಾರಗಳ ನಡುವೆ ಬದುಕಿದವಳು ನಾನು. ಆ ಹಸಿರು ನನ್ನ ಡಬ್ಬಿಯಲ್ಲಿ ಇಲ್ಲ, ಎಲ್ಲೂ ನೋಡಿಯೂ ಇಲ್ಲ.

"ಇದೇನ್ರೀ ಇದು?"

"ಸಮುದ್ರ," ಎಂದರು ನಾಚುತ್ತಾ. "ಅಂದ್ರೆ, ಸ್ವಲ್ಪ."

"ಹೂವಾ ಇವೆಲ್ಲ?"

"ಹವಳ. ಪ್ರಾಣಿಗಳು. ಒಂದೊಂದಕ್ಕೂ ಬಾಯಿದೆ ನೋಡಿ, ಮಧ್ಯದಲ್ಲಿ."

"ಹಲ್ಲಿಲ್ಲ ತಾನೆ? ಇದ್ದಿದ್ರೆ ನಿಮಗೆ ಕೈತುಂಬ ಕೆಲಸ."

ಅವರು ನಕ್ಕರು. ಅಯ್ಯೋ, ಆ ನಗು! ಬೇರೆಯವರ ಬಾಯಿಗೆ ಅಷ್ಟೊಂದು ನಗು ಮಾಡಿ ಕೊಡುವವರು ತಮ್ಮದನ್ನು ಎಲ್ಲಿ ಬಚ್ಚಿಟ್ಟಿದ್ದರೋ.

ಸೋರುತ್ತಿದ್ದ ಪೈಪನ್ನು ಅಂದೇ ಬಿಗಿದರು, ಗೌನಿನ ಕಲೆಯನ್ನು ಶುದ್ಧ ನೀರಿನಲ್ಲಿ ತಾವೇ ತೊಳೆದು ಕೊಟ್ಟರು. ನನ್ನ ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ದಿನಾ ಸಂಜೆ ಅಂಗಡಿ ಮುಚ್ಚಿ ಏನೋ ಒಂದು ನೆಪ ಹಿಡಿದು ಮೇಲೆ ಹೋಗುತ್ತಿದ್ದೆ.

ಒಂದು ಸಂಜೆ ಮರಳಿನಲ್ಲಿದ್ದ ಬಿಲವನ್ನು ತೋರಿಸಿದರು. ಸಿಗಡಿಯೊಂದು ಬುಲ್ಡೋಜರಿನಂತೆ ಮರಳು ತಳ್ಳುತ್ತಾ ಹೊರಗೆ ಬಂತು. ಬಾಗಿಲಲ್ಲಿ ಹಳದಿ ಮೀನೊಂದು ಕಾವಲು ಕೂತಿತ್ತು.

"ಸಿಗಡಿಗೆ ಕಣ್ಣು ಅಷ್ಟಕ್ಕಷ್ಟೆ. ಅದಕ್ಕೇ ಹೊರಗೆ ಬಂದಾಗೆಲ್ಲ ತನ್ನ ಮೀಸೆಯನ್ನ ಮೀನಿನ ಮೈಮೇಲೇ ಇಟ್ಟಿರುತ್ತೆ. ಅಪಾಯ ಕಂಡ್ರೆ ಮೀನು ಬಾಲ ಅದುರಿಸುತ್ತೆ, ಇಬ್ಬರೂ ಒಳಗೆ."

"ಹೇಳಿಕೊಟ್ಟವರು ಯಾರು ಇವಕ್ಕೆ?"

"ಯಾರೂ ಇಲ್ಲ."

ಮೈ ಜುಮ್ಮೆಂದಿತು. ತಲೆಯೆತ್ತಿದರೆ ಗಾಜಿನಲ್ಲಿ ಅವರ ಮುಖ, ನೋಟ ನನ್ನ ಮೇಲೆ. ನಾನು ನೋಡಿದ್ದೇ ತಡ, ಮೀನಿನ ಕಡೆ ತಿರುಗಿದರು. ಕಿವಿ ಕೆಂಪಗಾಗಿತ್ತು. ನನ್ನದೂ ಆಗಿರಬೇಕು, ಕನ್ನಡಿ ಇರಲಿಲ್ಲ ಬಿಡಿ.

ಆ ತಿಂಗಳ ಕೊನೆಗೆ ಅವರಮ್ಮನಿಗೆ ಮಂಡಿ ಆಪರೇಷನ್ ಬಂತು. ಬೇರೆ ಊರು, ಹತ್ತು ದಿನ. ಆರು ವರ್ಷದಿಂದ ಒಂದು ರಾತ್ರಿಯೂ ಮನೆ ಬಿಟ್ಟವರಲ್ಲ, ಬೀಗದಕೈ ಯಾರಿಗೂ ಕೊಟ್ಟವರಲ್ಲ. ಯಾರಾದರೂ ಏನಾದರೂ ತಪ್ಪು ಮಾಡಿದರೆ ಎಂಬ ಭಯ. ಒಂದು ಬಾಯಿ, ಅದರ ಸುತ್ತಲ ಬೆರಳುಗಳು ಸೇರಿದರೆ ಒಂದು ತಲೆ. ಆ ಚಿನ್ನದ ಗೊಂಚಲು ಬಂದಾಗ ಅಂಥದ್ದು ಒಂದೇ ಒಂದು ಇತ್ತಂತೆ; ಈಗ ಐದು.

ನನ್ನ ಅಂಗಡಿಗೆ ಬಂದು ಬೀಗದಕೈಯನ್ನು ಇಸ್ತ್ರಿ ಮೇಜಿನ ಮೇಲಿಟ್ಟರು. ಬಿಟ್ಟ ಕೈ ಮತ್ತೆ ಅದನ್ನೇ ಹಿಡಿಯಿತು, ಮತ್ತೆ ಬಿಟ್ಟಿತು.

"ಕೊಡೋದಾದ್ರೆ ಕೊಡಿ. ನಾನು ಅಳತೆಯವಳು, ತಪ್ಪೋಲ್ಲ," ಎಂದೆ.

ತಪ್ಪಿದೆ.

ಬಿಟ್ಟುಹೋದ ಚೀಟಿಯಲ್ಲಿ ಸ್ಪಷ್ಟವಾಗಿ ಬರೆದಿದ್ದರು: 'ಆವಿಯಾದಷ್ಟು ನೀರು ದಿನಾ ತುಂಬಿಸಿ. ನೀಲಿ ಕ್ಯಾನಿನ ಸಿಹಿನೀರು, ಸುಮಾರು ಒಂದು ಲೀಟರ್.' ಪಕ್ಕದ ಬಿಳಿ ಕ್ಯಾನಿನಲ್ಲಿ ಉಪ್ಪು ಬೆರೆಸಿದ ನೀರಿತ್ತು, ತೊಟ್ಟಿ ಒಡೆದರೆ ಅಂತ. ನಾನು ಓದಿದೆ. ನಕ್ಕೆ. ಸಮುದ್ರಕ್ಕೆ ಯಾರಾದರೂ ಸಿಹಿನೀರು ಹಾಕುತ್ತಾರೆಯೇ? ಪಾಪ, ಅಮ್ಮನ ಗಾಬರಿಯಲ್ಲಿ ಅದಲು ಬದಲಾಗಿ ಬರೆದಿದ್ದಾರೆ! ಪೆನ್ಸಿಲ್ ತೆಗೆದು ಚೀಟಿಯನ್ನೇ ತಿದ್ದಿದೆ. ದಿನಾ ಒಂದು ಲೀಟರ್ ಉಪ್ಪುನೀರು ಸುರಿದೆ, ಐದು ದಿನ, ಹಾಡು ಗುನುಗುತ್ತಾ.

ಆರನೆಯ ಬೆಳಿಗ್ಗೆ ಬೆಟ್ಟ ಬೋಳಾಗಿತ್ತು. ಗುಂಡಿ ಹೂಗಳೆಲ್ಲ ಮುಚ್ಚಿ ಕಂದು ಮೊಗ್ಗಾಗಿದ್ದವು. ಚಿನ್ನದ ಬೆರಳುಗಳು ಒಳಗೆ ಸೇದಿಕೊಂಡು ಬಿಳಿ ಎಲುಬು ಕಾಣುತ್ತಿತ್ತು. ಮೀನು ಮೂಲೆಯಲ್ಲಿ ಏದುಸಿರು ಬಿಡುತ್ತಿತ್ತು.

ಉಪ್ಪು ಅಳೆಯುವ ಪುಟ್ಟ ದುರ್ಬೀನಿನಂಥ ಸಾಧನದಲ್ಲಿ ಹನಿ ಹಾಕಿ ನೋಡಿದೆ. ಮೂವತ್ತೈದರಲ್ಲಿ ಇರಬೇಕಾದ ಗೆರೆ ನಲವತ್ತರಲ್ಲಿ ನಿಂತಿತ್ತು. ಆಗ ಹೊಳೆಯಿತು. ನೀರು ಮಾತ್ರ ಆವಿಯಾಗುತ್ತದೆ, ಉಪ್ಪು ಎಲ್ಲಿಗೂ ಹೋಗುವುದಿಲ್ಲ. ಒದ್ದೆ ಬಟ್ಟೆ ಒಣಗಿದರೆ ಉಪ್ಪಿನ ಕಲೆ ಉಳಿಯುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಹೇಳಿ!

ಹನ್ನೆರಡು ವರ್ಷದಲ್ಲಿ ಗಿರಾಕಿಯ ಮುಂದೆ 'ನನ್ನ ತಪ್ಪು' ಅಂದವಳಲ್ಲ ನಾನು. ಬಿಗಿಯಾದರೆ ಬಟ್ಟೆ ಕುಗ್ಗಿತು, ಸಡಿಲಾದರೆ ನೀವು ಸೊರಗಿದಿರಿ. ಈಗಲೂ ಕರೆಂಟ್ ಹೋಗಿತ್ತು ಅನ್ನಬಹುದಿತ್ತು. ಸುಳ್ಳು ಹೇಳಿದರೆ ಇವು ಸಾಯುತ್ತವೆ. ನಿಜ ಹೇಳಿದರೆ ಅವರು ಅಮ್ಮನನ್ನು ಬಿಟ್ಟು ಓಡಿ ಬರುತ್ತಾರೆ, ಮತ್ತೆಂದೂ ನನ್ನ ಮುಖ ನೋಡುವುದಿಲ್ಲ. ಆದರೂ ಫೋನ್ ಮಾಡಿದೆ.

"ನನ್ನ ತಪ್ಪು," ಅಂದೆ ಮೊದಲೇ. "ಚೀಟಿ ತಪ್ಪಾಗಿದೆ ಅಂತ ತಿದ್ದಿಬಿಟ್ಟೆ. ಉಪ್ಪುನೀರು ಹಾಕ್ದೆ. ನಲವತ್ತು ತೋರಿಸ್ತಿದೆ."

ಆ ಕಡೆ ಕುರ್ಚಿ ಸರಿದ ಸದ್ದು, ಎದ್ದುನಿಂತಿರಬೇಕು.

"ಬರ್ತೀರಾ?"

"ಇಲ್ಲ. ಇವತ್ತು ಅಮ್ಮನ್ನ ವಾಕರ್ ಬಿಟ್ಟು ನಡೆಸ್ತಾರೆ. ನಾನಿಲ್ಲೇ ಇರ್ಬೇಕು." ಕುರ್ಚಿ ಮತ್ತೆ ಸರಿಯಿತು, ಕೂತರು. "ಅಲ್ಲಿ ನೀವಿದ್ದೀರಲ್ಲ. ಒಂದು ಲೀಟರ್ ತೆಗೀರಿ, ಒಂದು ಲೀಟರ್ ಸಿಹಿನೀರು ಹಾಕಿ. ಬೆಳಿಗ್ಗೆ ಒಂದು, ಸಂಜೆ ಒಂದು."

"ಐದೂ ಒಟ್ಟಿಗೇ ಹಾಕ್ಬಿಡ್ಲಾ?"

"ಬೇಡ! ಅವಸರ ಪಟ್ರೆ ಇರೋವೂ ಹೋಗುತ್ವೆ. ನಿಧಾನಕ್ಕೆ."

ನಡುವೆ ಹೆಂಗಸಿನ ದನಿಯೊಂದು ಫೋನ್ ಕಿತ್ತುಕೊಂಡಿತು. "ಯಾರಮ್ಮಾ ನೀನು? ಆ ತೊಟ್ಟಿಯನ್ನ ನಾನು ಸೊಸೆ ಅಂತಾನೇ ಕರೆಯೋದು. ಆರು ವರ್ಷದಿಂದ ನನ್ನ ಮಗನನ್ನ ಹೊಸ್ತಿಲು ದಾಟೋಕೆ ಬಿಟ್ಟಿಲ್ಲ. ಅದಕ್ಕೆ ಹುಷಾರಿಲ್ಲ ಅಂದ್ರೂ ಇವನು ಇಲ್ಲೇ ಕೂತಿದ್ದಾನೆ ಅಂದ್ರೆ, ನೀನು ಭಾರಿ ಗಟ್ಟಿ ಇರ್ಬೇಕು!"

ಅಳುತ್ತಿದ್ದವಳು ಕಿಸಕ್ಕೆಂದು ನಕ್ಕುಬಿಟ್ಟೆ.

ಎರಡು ದಿನ ಅಂಗಡಿ ತೆರೆಯಲಿಲ್ಲ. ಚಮಚದಲ್ಲೇ ನೀರು ಹಾಕಿದೆ. ಒಂದು ಲೀಟರೆಂದರೆ ಇನ್ನೂರು ಚಮಚ. ಗೆರೆ ಮೂವತ್ತೊಂಬತ್ತಕ್ಕೆ ಇಳಿಯಿತು, ಮೂವತ್ತೆಂಟು, ಮೂವತ್ತೇಳು. ಹವಳಗಳು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಗೆರೆ ಮೂವತ್ತೈದರಲ್ಲಿತ್ತು. ಸ್ಟೂಲ್ ಎಳೆದುಕೊಂಡು ಕೂತೆ. ಒಂದು ಮೊಗ್ಗಿನ ಬಾಯಲ್ಲಿ ಹಸಿರು ಚುಕ್ಕೆ. ನನ್ನ ಭ್ರಮೆಯೇನೋ ಅಂದುಕೊಂಡೆ. ಚುಕ್ಕೆ ಗೆರೆಯಾಯಿತು, ಗೆರೆ ಬಿಚ್ಚಿತು, ರೆಪ್ಪೆಗಳು ಒಂದೊಂದಾಗಿ ಹೊರಗೆ ಬಂದವು. ಅದರ ಪಕ್ಕದ್ದು ತೆರೆಯಿತು. ಅದರ ಕೆಳಗಿನದು. ಬೆಟ್ಟದ ತುಂಬ ಯಾರೋ ಸದ್ದಿಲ್ಲದೆ ದೀಪ ಹಚ್ಚುತ್ತಾ ಹೋದಂತೆ. ಮಿದುಳಿಲ್ಲ, ಕಣ್ಣಿಲ್ಲ, ಕೂಗಲು ದನಿಯಿಲ್ಲ. ಆದರೂ ಇಷ್ಟೊಂದು ಬದುಕುವ ಆಸೆ! ನನಗೆ ಗೊತ್ತಿಲ್ಲದೆ ಕೈ ಮುಗಿದಿದ್ದೆ. ದೇವರೇ, ಇಂಥದ್ದನ್ನು ನನ್ನ ಕೈಗೆ ಕೊಟ್ಟಿದ್ದರಲ್ಲ ಆ ಮನುಷ್ಯ.

ಚಿನ್ನದ ಗೊಂಚಲಿನಲ್ಲಿ ಮೂರು ತಲೆ ಉಳಿದವು. ಎರಡು ಹೋದವು.

ಮಾರನೆಯ ದಿನ ಅವರು ಬಂದಾಗ ಅದನ್ನೇ ಮೊದಲು ಹೇಳಿದೆ. ಅವರು ಬಗ್ಗಿ, ಸತ್ತ ಎರಡು ತಲೆಗಳನ್ನು ಬಹಳ ಹೊತ್ತು ನೋಡಿದರು. ಕಣ್ಣು ಒದ್ದೆಯಾದದ್ದು ನನಗೆ ಕಾಣಿಸಿತು.

"ಬೈದುಬಿಡಿ," ಎಂದೆ.

"ಅಮ್ಮ ನಾಲ್ಕು ಹೆಜ್ಜೆ ನಡೆದ್ರು," ಎಂದರು. "ಐದನೇದಕ್ಕೆ ನನ್ನ ಕೈಮೇಲೆ ಬಿದ್ರು. ನೀವು ಏನಾದ್ರೂ ನೆಪ ಹೇಳಿದ್ದಿದ್ರೆ ನಾನು ಓಡಿ ಬಂದಿರ್ತಿದ್ದೆ. ನನ್ನ ತಪ್ಪು ಅಂದ್ರಲ್ಲ, ಅದಕ್ಕೇ ಅಲ್ಲಿ ನಿಲ್ಲೋ ಧೈರ್ಯ ಬಂತು. ಆರು ವರ್ಷ ನಾನು ಹೆದರಿದ್ದು ಆಗೇಹೋಯ್ತು ನೋಡಿ. ಆದ್ರೂ ಇದು ಬದುಕಿದೆ."

ಇನ್ನು ತಡೆಯಲು ನನ್ನಿಂದಾಗಲಿಲ್ಲ. "ನನಗೆ ನೀವು ಬೇಕು," ಎಂದುಬಿಟ್ಟೆ. "ಮೀನು ನೋಡೋಕೆ ಅಂತ ಬಂದಿದ್ದೆಲ್ಲ ನೆಪ. ಸರಿ, ಎಲ್ಲಾ ನೆಪ ಅಲ್ಲ, ಅರ್ಧ."

ಕಿವಿ ಮತ್ತೆ ಕೆಂಪಾಯಿತು. ಈ ಸಲ ಮೀನಿನ ಕಡೆ ತಿರುಗಲಿಲ್ಲ.

"ಉಳಿದ ಮೂರು ತಲೆ ಮತ್ತೆ ಐದಾಗೋಕೆ ಎರಡು ವರ್ಷ ಬೇಕು," ಎಂದರು. "ಹತ್ತಾಗೋಕೆ ಇನ್ನೂ ಜಾಸ್ತಿ. ಸರಿಯಾಗಿ ನೋಡ್ಕೊಂಡ್ರೆ ಹವಳಕ್ಕೆ ಮುಪ್ಪೇ ಇಲ್ಲ ಅಂತಾರೆ. ನಮ್ಮಿಬ್ಬರ ನಂತರವೂ ಇರುತ್ತೆ."

"ನಮ್ಮಿಬ್ಬರ?"

"ಹೂಂ," ಎಂದರು. "ದಿನಾ ನೀರು ಹಾಕ್ಬೇಕು ಆದ್ರೆ. ಒಂದು ದಿನಾನೂ ರಜ ಇಲ್ಲ."

ತಲೆಯಾಡಿಸಿ, ನೀಲಿ ಕ್ಯಾನಿನಿಂದ ಅಂದಿನ ಲೀಟರ್ ಸಿಹಿನೀರು ಅಳೆಯತೊಡಗಿದೆ.