ಸೋತು ಕೊಟ್ಟ ಭಾನುವಾರಗಳು

“ಏಳೇ, ಎದ್ದೇಳು! ಹನ್ನೊಂದು ವರ್ಷ ಈ ಮನೆ ಉಪ್ಪು ತಿಂದೆ, ಒಂದೇ ಒಂದು ಸಲ ನನ್ನನ್ನ ಗೆಲ್ಲೋಕೆ ಆಗ್ಲಿಲ್ವಲ್ಲೇ ನಿನ್ ಕೈಲಿ!”

ಅತ್ತೆ ಒಬ್ದೂಲಿಯಾ ಈ ಮಾತನ್ನು ಅಡುಗೆಮನೆಯ ಮರೆಯಲ್ಲಿ ಆಡಲಿಲ್ಲ. ಭಾನುವಾರದ ಊಟ ಮುಗಿಸಿ ಕೂತಿದ್ದ ಮಗನ ಎದುರಿಗೆ, ಹತ್ತು ವರ್ಷದ ಮೊಮ್ಮಗಳ ಎದುರಿಗೆ ಆಡಿದಳು. ಸೊಸೆ ಅರಾಸೆಲಿ ತುಟಿ ಕಚ್ಚಿಕೊಂಡು ಸ್ಟೂಲಿನಿಂದ ಎದ್ದಳು. ಎದುರಿನ ವಿಡಿಯೋ ಗೇಮ್ ಯಂತ್ರದ ತೆರೆಯ ಮೇಲೆ ಅವಳ ಕುಸ್ತಿಪಟು ಅಂಗಾತ ಬಿದ್ದಿದ್ದ. ಅತ್ತೆಯ ಬಿಳಿ ಮುಖವಾಡದವನು ಅವನೆದೆಯ ಮೇಲೆ ಕಾಲಿಟ್ಟು ಕೈಯೆತ್ತಿ ನಿಂತಿದ್ದ. ಗೆದ್ದವರು ಕೂತಿರಬೇಕು, ಸೋತವರು ಎದ್ದು ಜಾಗ ಬಿಡಬೇಕು. ಅದು ಆ ಮನೆಯ ಕಟ್ಟಳೆ.

ಪುಯೆಬ್ಲಾ ಊರಿನ ಆ ಬೀದಿಯಲ್ಲಿ ಒಂದು ಕಾಲಕ್ಕೆ ಒಬ್ದೂಲಿಯಾಳ ಗಂಡನದೇ ವಿಡಿಯೋ ಗೇಮ್ ಅಂಗಡಿ ಇತ್ತು. ಬೀದಿಯ ಹೈಕಳೆಲ್ಲ ಅಲ್ಲೇ ಬೆಳೆದವರು, ಅವರನ್ನೆಲ್ಲ ಸೋಲಿಸಿ ಮನೆಗೆ ಅಟ್ಟಿದವಳು ಇವಳು! ಗಂಡ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿತು, ಯಂತ್ರಗಳೆಲ್ಲ ಹೋದವು. ಈ ಕುಸ್ತಿಯಾಟದ ಯಂತ್ರವೊಂದನ್ನು ಮಾತ್ರ ನಾಲ್ಕು ಜನರಿಂದ ಹೊರಿಸಿ ತಂದು ನಡುಮನೆಯಲ್ಲಿ, ಕನ್ಯಾಮಾತೆಯ ಪಟದ ಪಕ್ಕಕ್ಕೇ ಇಡಿಸಿದಳು. ಮಗ ಎಫ್ರೆನ್ ಇದನ್ನು ಹಿಡಿದುಕೊಂಡೇ ನಿಲ್ಲಲು ಕಲಿತವನು. ಮೊಮ್ಮಗಳು ಮಿರೆಯಾ ಮೂರು ತುಂಬುವ ಮೊದಲೇ ಟೊಮೇಟೊ ಪೆಟ್ಟಿಗೆಯ ಮೇಲೆ ನಿಂತು ಆಡಿದವಳು. ಅಟ್ಲಿಸ್ಕೋ ಊರಿನ ಹೂದೋಟಗಳಿಂದ ಬಂದ ಅರಾಸೆಲಿಗೆ ಮಾತ್ರ ಈ ವಿದ್ಯೆ ಗೊತ್ತಿರಲಿಲ್ಲ. ಬೈಸಿಕೊಂಡು ಕಲಿತಳು, ಕಲಿತು ಈಚಿನ ವರ್ಷಗಳಲ್ಲಿ ಅತ್ತೆಯನ್ನೂ ಮೀರಿಸಿದಳು. ಆದರೆ ಅದು ಹೊರಗೆ ಯಾರಿಗೂ ತಿಳಿಯದ ಹಾಗೆ ನೋಡಿಕೊಂಡಳು.

ಮೂರು ವರ್ಷದ ಹಿಂದೆ ಒಂದು ಭಾನುವಾರ ಅವಳ ಕಣ್ಣಿಗೆ ಒಂದು ಸಂಗತಿ ಬಿತ್ತು. ಎಡಗಡೆಯಿಂದ ಬಂದ ಒದೆ ಅತ್ತೆಗೆ ಕಾಣುತ್ತಲೇ ಇರಲಿಲ್ಲ! ಎಂಥ ಪೆದ್ದು ಒದೆಯಾದರೂ ಸರಿ, ಎಡದಿಂದ ಬಂದರೆ ತಾಗುತ್ತಿತ್ತು. ಮುದುಕಿಯ ಮುಖ ಬಿಳಿಚಿಕೊಂಡದ್ದು ನೋಡಿ ಅರಾಸೆಲಿಯ ಕರುಳು ಚುರುಕ್ಕೆಂದಿತು. ಅಂದಿನಿಂದ ಅವಳ ಪಟು ಎಡಕ್ಕೆ ಹೋಗಲೇ ಇಲ್ಲ. ಗಂಡನಿಗೆ ಹೇಳಿದಳು, ಮಗಳಿಗೂ ಪಾಠ ಹೇಳಿಕೊಟ್ಟಳು. ಮೂವರೂ ಬೇಕೆಂದೇ ಸೋಲತೊಡಗಿದರು. ಮುದುಕಿ ಗೆದ್ದಳು, ಗೆದ್ದಷ್ಟೂ ಅವಳ ನಾಲಿಗೆ ಹರಿತವಾಯಿತು. ಲೋಟದಾಚೆ ಕುಡಿಯುವ ಬಿಸಿ ಚಾಕಲೇಟು ಸುರಿದರೆ ಲೋಟ ಸರಿಸಿದವಳು ಸೊಸೆ, ಕುರ್ಚಿಗೆ ಎಡವಿದರೆ ಕುರ್ಚಿ ಎಳೆದವಳೂ ಸೊಸೆ! ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಅಂದರೆ ಉತ್ತರ ಸಿದ್ಧವಾಗಿರುತ್ತಿತ್ತು: “ಕಣ್ಣು ಕಾಣದೋಳು ಭಾನುವಾರ ಬಂತಂದ್ರೆ ನಿಮ್ಮ ಮೂರೂ ಜನರನ್ನ ಮಲಗಿಸ್ತಾಳಾ? ನನ್ನ ಕುರುಡಿ ಮಾಡಿ ಮೂಲೇಲಿ ಕೂರಿಸೋ ಆಸೆನಾ ನಿಂಗೆ?”

ಅರಾಸೆಲಿಗೆ ಅದು ಬಿಸಿತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ತಾನು ಕೊಟ್ಟ ಗೆಲುವನ್ನೇ ಅತ್ತೆ ಸಾಕ್ಷಿ ಮಾಡಿಕೊಂಡು ಕೂತಿದ್ದಾಳೆ... ಹಾಗಾದರೆ ಈ ಕತ್ತಲನ್ನು ಸಾಕುತ್ತಿರುವವಳು ತಾನೇ ಅಲ್ಲವೇ?

ಮುಂದಿನ ಶನಿವಾರ ಅಜ್ಜಿ ಮೊಮ್ಮಗಳ ಕೈಹಿಡಿದು ಟೋರ್ಟಿಯಾ ರೊಟ್ಟಿ ತರಲು ಹೊರಟಳು. ಬೀದಿ ದಾಟುವಾಗ ಎಡದಿಂದ ಬಂದ ವ್ಯಾನು ಅವಳಿಗೆ ಕಾಣಲಿಲ್ಲ. ಮಿರೆಯಾ ಅಜ್ಜಿಯನ್ನು ಜಗ್ಗಿ ಎಳೆದಳು, ಇಬ್ಬರೂ ಕಲ್ಲುಹಾಸಿನ ಮೇಲೆ ಬಿದ್ದರು. ಮಗುವಿನ ಮೊಣಕಾಲಿನ ಚರ್ಮ ಕಿತ್ತುಬಂದಿತ್ತು. “ಆ ಡ್ರೈವರ್‌ಗೆ ಕಣ್ಣಿಲ್ವಾ!” ಎಂದು ಒಬ್ದೂಲಿಯಾ ಬೀದಿ ತುಂಬ ಕೂಗಾಡಿದಳು. ಅರಾಸೆಲಿ ಮಗಳ ಗಾಯ ತೊಳೆದು ಬಟ್ಟೆ ಕಟ್ಟಿದಳು.

ಮರುದಿನ ಒಬ್ದೂಲಿಯಾಳಿಗೆ ಎಪ್ಪತ್ತು ತುಂಬಿತು. ಮೆಣಸಿನಕಾಯಿ, ಎಳ್ಳು, ಚಾಕಲೇಟು ಅರೆದು ಮಾಡಿದ ಮೋಲೆ ಸಾರಿನಲ್ಲಿ ಟರ್ಕಿ ಕೋಳಿ ಬೆಂದಿತ್ತು. ಊಟವಾದ ಮೇಲೆ ಮಿರೆಯಾ ಅಮ್ಮನ ಅಂಗಿಯ ಅಂಚು ಜಗ್ಗಿದಳು.

“ಅಮ್ಮಾ, ಇವತ್ತೂ ಸೋಲ್ಬೇಕಾ?”

“ನೀನು ಆಡೋದು ಬೇಡ ಮಗಳೇ. ಇವತ್ತು ನಾನೊಬ್ಳೇ ಆಡ್ತೀನಿ.”

ಎಫ್ರೆನ್‌ಗೆ ಹೆಂಡತಿಯ ಮುಖ ನೋಡಿಯೇ ತಿಳಿಯಿತು. ಪಾತ್ರೆ ಎತ್ತುವ ನೆವದಲ್ಲಿ ಹತ್ತಿರ ಬಂದ. “ಬೇಡ ಕಣೇ... ಹುಟ್ಟಿದ ದಿನ. ಅಮ್ಮನಿಗೆ ಇರೋದು ಇದೊಂದೇ.”

“ಇದೊಂದೇ ಅಂತ ಕೊಡ್ತಾ ಕೊಡ್ತಾ ಕಣ್ಣನ್ನೇ ಕಿತ್ಕೊಂಡ್ವಲ್ಲ ಎಫ್ರೆನ್! ನಿನ್ನೆ ನಿನ್ನ ಮಗಳು ಗಾಡಿ ಕೆಳಗೆ ಹೋಗ್ತಿದ್ಳು. ನನ್ನನ್ನ ಮನೆಯಿಂದ ಹೊರಗೆ ಹಾಕಿದ್ರೂ ಸರಿ, ಇವತ್ತು ಸೋಲಲ್ಲ.”

ಅವಳು ಹೋಗಿ ಸ್ಟೂಲಿನ ಮೇಲೆ ಕೂತಳು.

“ಬಾ ಬಾ, ನನ್ನ ಹುಟ್ಟುಹಬ್ಬದ ಉಡುಗೊರೆ ನೀನೇ,” ಎಂದು ಒಬ್ದೂಲಿಯಾ ಬೆರಳು ನೆಟಿಗೆ ಮುರಿದಳು. ಆಟ ಶುರುವಾಯಿತು. ಅರಾಸೆಲಿ ಎಡಕ್ಕೆ ಸರಿದಳು... ಒಂದು ಒದೆ. ಇನ್ನೊಂದು. ಬಿಳಿ ಮುಖವಾಡದವನು ಗಾಳಿಗೆ ಗುದ್ದುತ್ತ ನಿಂತಿದ್ದ. ಅರಾಸೆಲಿಯ ಕಣ್ಣೀರು ಬಟನ್‌ಗಳ ಮೇಲೆ ತೊಟ್ಟಿಕ್ಕುತ್ತಿತ್ತು, ಬೆರಳು ನಿಲ್ಲಲಿಲ್ಲ. ಅರ್ಧ ನಿಮಿಷದಲ್ಲಿ ಮುದುಕಿಯ ಪಟು ನೆಲಕ್ಕೆ ಬಿದ್ದ.

“ಏನೋ ಕೈ ಜಾರಿತು. ಇನ್ನೊಂದು ಆಟ!”

ಇನ್ನೊಂದು ಆಡಿದರು, ಮತ್ತೊಂದು ಆಡಿದರು. ಮೂರನೆಯದರಲ್ಲಿ ಸೊಸೆಗೆ ಒಂದು ಪೆಟ್ಟೂ ಬೀಳಲಿಲ್ಲ. ಒಬ್ದೂಲಿಯಾ ಯಂತ್ರದ ಹಿಡಿಯಿಂದ ಕೈ ತೆಗೆದಳು.

“ಎಷ್ಟು ದಿನದಿಂದ?” ಎಂದಳು.

“ಮೂರು ವರ್ಷ, ಅತ್ತೆ.”

“ಮಗುವೂ?”

“...ಹೂಂ.”

“ನೀನೂನಾ ಎಫ್ರೆನ್?”

ಎಫ್ರೆನ್ ತಲೆ ತಗ್ಗಿಸಿದ. ಮುದುಕಿ ಎದ್ದಳು. ಸೋತವರು ಏಳಬೇಕಲ್ಲ! ಗೋಡೆ ತಡವಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅರಾಸೆಲಿ ಬಾಗಿಲ ಬಳಿ ಕುಸಿದು ಕೂತು ಗೋಗರೆದಳು, “ಬೈಯ್ರಿ ಅತ್ತೆ, ಹೊಡೀರಿ... ಆದ್ರೆ ನಾಳೆ ಡಾಕ್ಟರ ಹತ್ರ ಬನ್ನಿ!” ಬೆಳಿಗ್ಗೆ ಬಾಗಿಲು ತೆರೆದಾಗ ಮುದುಕಿ ಶಾಲು ಹೊದ್ದು, ಚೀಲ ಹಿಡಿದು ಸಿದ್ಧಳಾಗಿ ನಿಂತಿದ್ದಳು.

ಡಾಕ್ಟರು ಮುಚ್ಚಿಡಲಿಲ್ಲ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ಎಡಗಣ್ಣು ಹೆಚ್ಚುಕಡಿಮೆ ಹೋಗಿಬಿಟ್ಟಿದೆ, ಬಲಗಣ್ಣೂ ಅಂಚಿನಲ್ಲಿ ಸವೆದಿದೆ. ದಿನಾ ಹನಿ ಹಾಕಿದರೆ ಉಳಿದಷ್ಟನ್ನು ಕಾಪಾಡಬಹುದು, ಹೋದದ್ದು ಮಾತ್ರ ಬರುವುದಿಲ್ಲ. “ಎರಡು ಮೂರು ವರ್ಷ ಮೊದಲೇ ಕರ್ಕೊಂಡು ಬಂದಿದ್ರೆ...” ಎಂದರು. ಆ ಮಾತು ಅರಾಸೆಲಿಯ ಎದೆಯಲ್ಲಿ ಮುಳ್ಳಾಗಿ ಮುರಿದುಕೊಂಡಿತು. ಕರುಣೆ ಎಂದುಕೊಂಡು ತಾನು ಮಾಡಿದ್ದೇನು? ಹೊರಗೆ ಬೆಂಚಿನ ಮೇಲೆ ಎಫ್ರೆನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಆರು ದಿನ ಒಬ್ದೂಲಿಯಾ ಸೊಸೆಯೊಡನೆ ಮಾತಾಡಲಿಲ್ಲ. ಹನಿ ಹಾಕಿಸಿಕೊಳ್ಳಲು ಮಾತ್ರ ಮುಖ ಮೇಲೆತ್ತುವಳು. ಒಂದು ಬೈಗುಳವೂ ಇಲ್ಲದ ಆ ಮೌನ ಅರಾಸೆಲಿಗೆ ಹನ್ನೊಂದು ವರ್ಷದ ಬೈಗುಳಕ್ಕಿಂತ ಭಾರವಾಯಿತು. ಏಳನೆಯ ದಿನ ಭಾನುವಾರ. ಮುದುಕಿ ಬೆಳಿಗ್ಗೆ ಚರ್ಚಿಗೆ ಹೋಗಿ ಬಂದಳು, ಊಟ ಮಾಡಿದಳು, ಎದ್ದು ಹೋಗಿ ಯಂತ್ರದ ಮುಂದೆ ಕೂತಳು.

“ಬಾರೇ. ಆಡು.”

“ಅತ್ತೆ...”

“ನೀನು ಕೊಟ್ಟ ಗೆಲುವು ಮೂರು ವರ್ಷ ಉಂಡೆ, ಹೊಟ್ಟೆ ಕೆಟ್ಟಿದೆ. ಇವತ್ತು ಸರಿಯಾಗಿ ಹೊಡಿ.”

ಅರಾಸೆಲಿ ಹೊಡೆದಳು. ಅತ್ತೆ ನಾಲ್ಕು ಆಟ ಸೋತಳು. ಪ್ರತಿ ಸೋಲಿಗೂ ಏಳುವುದು, ಮತ್ತೆ ಕೂರುವುದು. ಐದನೆಯದಕ್ಕೆ ಕೂರಲಿಲ್ಲ, ಯಂತ್ರಕ್ಕೆ ಒರಗಿ ಹಾಗೇ ನಿಂತಳು.

“ನಾನೂ ಪುಣ್ಯಾತ್ಗಿತ್ತಿಯಲ್ಲ ಬಿಡು,” ಎಂದಳು ಮೆಲ್ಲಗೆ. “ನನ್ನ ಬಾಯಿಗೆ ಹೆದರಿ ನೀನು ಸುಮ್ನಿದ್ದೆ. ಅದು ನನಗೂ ಗೊತ್ತು. ನನಗೆ ಕಾಣ್ತಿಲ್ಲ ಅನ್ನೋದೂ ಗೊತ್ತಿತ್ತು ಕಣೇ... ಗೆದ್ದಾಗ ಅದನ್ನ ಮರೀತಿದ್ದೆ. ಇನ್ಮೇಲೆ ಹಂಗೆ ಬೇಡ. ನನಗೆ ಕಾಣದ್ದನ್ನ ನೀನು ಹೇಳ್ಬೇಕು. ಬೈದ್ರೂ ಹೇಳ್ಬೇಕು. ಹೇಳ್ತೀಯಾ?”

“ಹೇಳ್ತೀನಿ.”

“ಹಾಗಾದ್ರೆ ಹೇಳು.”

ಅರಾಸೆಲಿ ಅತ್ತೆಯ ಮುಖ ನೋಡಿದಳು.

“ಕುಪ್ಪಸದ ಗುಂಡಿ ತಪ್ಪು ಹಾಕ್ಕೊಂಡಿದೀರ ಅತ್ತೆ.”

ಮುದುಕಿಯ ಕೈ ಎದೆಯ ಮೇಲೆ ತಡವರಿಸಿತು. “ಚರ್ಚಿಗೂ ಹಿಂಗೇ ಹೋಗಿದ್ನಾ?”

“ಹೂಂ.”

“ಅಷ್ಟು ಜನ ಇದ್ರು, ಒಬ್ರೂ ಹೇಳಲಿಲ್ಲ ನೋಡು!”

ಅವಳು ಕೈ ಕೆಳಗಿಳಿಸಿ, ಮಗುವಿನಂತೆ ಗದ್ದ ಮೇಲೆತ್ತಿ ನಿಂತಳು. ಅರಾಸೆಲಿ ಒಂದೊಂದಾಗಿ ಎಲ್ಲ ಗುಂಡಿ ಬಿಚ್ಚಿ, ಮೇಲಿನಿಂದ ಸರಿಯಾಗಿ ಹಾಕತೊಡಗಿದಳು.