ತಲೆಗೆ ಕಟ್ಟಿದ ಬೈರಾಸು

ಮುಂಬಯಿ ಹತ್ತಿರದ ಡೊಂಬಿವಲಿಯ ಆ ಉಡುಪಿ ಹೋಟೆಲಿನಲ್ಲಿ ಬೆಳಗಿನ ಇಡ್ಲಿ ಬೇಯುವ ಮೊದಲೇ ಹೆಣ ಬಿದ್ದಿತ್ತು.

ಮಾಲಕ ಮೋಹನದಾಸರು ಗ್ರೈಂಡರಿನ ಪಕ್ಕ ಬೋರಲಾಗಿದ್ದರು. ತಲೆಗೆ ಬಿಗಿದ ಟವೆಲು, ಅವರ ಬೈರಾಸು, ಹಣೆಯ ರಕ್ತದಲ್ಲಿ ನೆನೆದಿತ್ತು. ದೀಪ ಆರಿತ್ತು. ಜೊತೆಗಿದ್ದವನು ಅಡುಗೆಯ ಗುರುವಪ್ಪ ಒಬ್ಬನೇ. ಹಿಂದಿನ ದಿನ ಇಬ್ಬರಿಗೂ ಜಗಳವಾದದ್ದು ಬೀದಿಗೆಲ್ಲ ಗೊತ್ತು. ಹವಾಲ್ದಾರ್ ಅವನನ್ನು ಠಾಣೆಗೆ ಒಯ್ದ.

ಇನ್ಸ್‌ಪೆಕ್ಟರ್ ಲೀಲಾಧರ ಹೆಣವನ್ನೇ ನೋಡುತ್ತ ನಿಂತರು. ಚಿಕ್ಕಂದಿನಲ್ಲಿ ಅಪ್ಪನ ಕೈಹಿಡಿದು ಬರುತ್ತಿದ್ದ ಹೋಟೆಲು. ಬನ್ಸ್ ತಿಂದ ಬೆರಳನ್ನು ಮೋಹನದಾಸರು ತಮ್ಮ ಹೆಗಲ ಬೈರಾಸಿನಿಂದಲೇ ಒರೆಸುತ್ತಿದ್ದರು. ಅದು ಹೆಗಲಲ್ಲೇ ಇರಬೇಕು. ತಲೆಗೆ ಸುತ್ತಿದರೆ ಗಿರಾಕಿಗೆ ಅಗೌರವ ಎನ್ನುತ್ತಿದ್ದರು.

ಇಂದು ಮಾತ್ರ ತಲೆಗೇಕೆ ಕಟ್ಟಿದರು?

*

"ಲೈಟು ಆರಿಸಿದ್ದು ಧಣಿಯೇ ಸಾಹೇಬ್ರೆ," ಎಂದ ಗುರುವಪ್ಪ. "ಕಣ್ಣಿಗೆ ಚುಚ್ತದೆ ಅಂದ್ರು. ನಾನು ನೀರು ತರ್ಲಿಕ್ಕೆ ಹೋದೆ. ಬರುವಾಗ ಬಿದ್ದಿದ್ರು."

"ಜಗಳ ಯಾಕೆ?"

"ಕಿಡ್ನಿ ಬದಲಿಸಿದವರು ಅಕ್ಕಿಮೂಟೆ ಎತ್ತುದಾ? ಇನ್ನು ಎತ್ತಿದ್ರೆ ತುರ್ಭೆಯ ಹೋಟೆಲಿಗೆ ಕೆಲಸಕ್ಕೆ ಹೋಗ್ತೇನೆ ಅಂದೆ."

"ಹೋಗ್ತಿದ್ದೆಯಾ?"

"ವರ್ಷಕ್ಕೊಮ್ಮೆ ಹೇಳ್ತೇನೆ. ಹೋದದ್ದುಂಟಾ?"

*

ಗಂಡನಿಗೆ ತನ್ನ ಕಿಡ್ನಿ ಕೊಟ್ಟವಳು ಉಮಾವತಿ. ಮೂತ್ರಪಿಂಡದ ತುಂಬ ನೀರಗುಳ್ಳೆ ಏಳುವ ವಂಶದ ಕಾಯಿಲೆ ಮೋಹನದಾಸರದು. ಮನೆಯ ಗೋಡೆಯಲ್ಲಿ ಅವರ ತಂದೆ, ಅಣ್ಣನ ಫೋಟೋಗಳಿದ್ದವು. ಇಬ್ಬರೂ ನಡುವಯಸ್ಸಿನವರು. ಅವರು ಹೇಗೆ ಹೋದರೆಂದು ಲೀಲಾಧರ ಕೇಳಿದರು.

"ತಲೆ ಸಿಡೀತದೆ ಅಂದ್ರು, ಬಿದ್ರು. ದೈವದ ಪೆಟ್ಟು ಅಂತ ಊರಲ್ಲಿ ಹೇಳಿದ್ರು. ಅದನ್ನೆಲ್ಲ ಡಾಕ್ಟರಿಗೆ ಹೇಳುದು ಹೇಗೆ ಅಂತ ನಾವು ಸುಮ್ನಾದೆವು."

*

ಮರಣೋತ್ತರ ಪರೀಕ್ಷೆ ಕೊಂದವನನ್ನು ಹಿಡಿದುಕೊಟ್ಟಿತು: ಮೆದುಳಿನಲ್ಲಿ ಉಬ್ಬಿ ಒಡೆದ ರಕ್ತನಾಳ.

ಲೀಲಾಧರ ಎಲ್ಲರನ್ನೂ ಹೋಟೆಲಿನಲ್ಲಿ ಕೂರಿಸಿ ಹೇಳಿದರು. ಗಾಯದ ರಕ್ತ ಬೈರಾಸಿನೊಳಗೇ ಇಂಗಿದೆ, ಮುಖಕ್ಕೆ ಒಂದು ಹನಿಯೂ ಹರಿದಿಲ್ಲ. ಅಂದರೆ ಕಟ್ಟಿಕೊಂಡ ಮೇಲೆ ಗಾಯವಾಗಿದೆ. ಬೆಳಕು ಚುಚ್ಚಿತು, ತಲೆ ಸಿಡಿಯಿತು, ಅದಕ್ಕೇ ಜನ್ಮದಲ್ಲಿ ಮಾಡದ್ದನ್ನು ಮಾಡಿದರು. ಎಡವಿದವನು ಕೈ ಊರುತ್ತಾನೆ. ಅವರ ಅಂಗೈಯಲ್ಲಿ ತರಚು ಇಲ್ಲ. ಬೀಳುವ ಮೊದಲೇ ಪ್ರಜ್ಞೆ ಹೋಗಿತ್ತು. ಹಣೆ ಒಡೆದದ್ದು ಗ್ರೈಂಡರಿನ ಅಂಚು.

"ಆದರೆ ಕಿಡ್ನಿ ಹೊಸದಲ್ಲವಾ?" ಎಂದಳು ಉಮಾವತಿ.

"ಕಿಡ್ನಿ ಹೊಸದು ಉಮಕ್ಕ. ರಕ್ತನಾಳಗಳು ಹಳೆಯವೇ. ಅದೇ ಕಾಯಿಲೆ ಕೆಲವರಲ್ಲಿ ಅವನ್ನೂ ಉಬ್ಬಿಸ್ತದೆ. ಮನೆಯಲ್ಲಿ ಹೀಗೆ ಹೋದವರಿದ್ದಾರೆ ಅಂತ ಗೊತ್ತಿದ್ದರೆ ಡಾಕ್ಟರು ತಲೆಯ ಸ್ಕ್ಯಾನ್ ಮಾಡಿಸ್ತಿದ್ರು."

ಎಲ್ಲರ ಕಣ್ಣು ಮಗ ಅಕ್ಷಿತನ ಮೇಲೆ ಹೋಯಿತು.

"ಮುಝೇ ಕುಛ್ ನಹೀ ಹೈ," ಎಂದ ಅವನು, ತನಗೇನೂ ಇಲ್ಲವೆಂದು.

ಠಾಣೆಯಿಂದ ಆಗಷ್ಟೇ ಬಂದಿದ್ದ ಗುರುವಪ್ಪ ಒಳಗಿನಿಂದ ಧಣಿಯ ಒಗೆದ ಬೈರಾಸೊಂದನ್ನು ತಂದು ಹುಡುಗನ ಹೆಗಲಿಗೆ ಹಾಕಿದ.

"ನಾಳೆ ಡಾಕ್ಟರಲ್ಲಿಗೆ ಹೋಗುವ. ಇಲ್ಲದಿದ್ರೆ ನಾನು ತುರ್ಭೆಗೆ ಹೋಗ್ತೇನೆ."